ಎಡಚನಿಗೆ ಅಪ್ಪನ ವಾಚು: ಯಾವ ಕೈಗೆ ಕಟ್ಟಲಿ?

ಡೊಂಬಿವಲಿ ಎಡಚ:

ನಾನು ಬರೆಯುವುದು ಎಡಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ. ಬರೆಯುವ ಕೈಯನ್ನು ಶಾಲೆಯಲ್ಲಿ ಯಾರೂ ತಿದ್ದಲಿಲ್ಲ. ಉಣ್ಣುವ ಕೈಯನ್ನು ಅಜ್ಜಿ ತಿದ್ದಿದರು, ಬಾಳೆ ಎಲೆಯ ಪಕ್ಕದಲ್ಲೇ ಹಿಡಿಸೂಡಿ ಕಡ್ಡಿ ಇಟ್ಟುಕೊಂಡು. ಇಷ್ಟು ಪೀಠಿಕೆ ಯಾಕೆಂದರೆ ನನ್ನ ತೊಂದರೆ ಇರುವುದೇ ಇಲ್ಲಿ.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ ತಮ್ಮ ಎಚ್‌ಎಂಟಿ ಜನತಾ ವಾಚು ನನ್ನ ಕೈಗಿಟ್ಟರು. ನಮ್ಮೂರು ಕುಂದಾಪುರದ ಹತ್ತಿರ. ಅಪ್ಪ ಹದಿನಾಲ್ಕಕ್ಕೆ ಮುಂಬಯಿ ಬಸ್ಸು ಹತ್ತಿದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಮುಗಿಸಿ, ಕೊನೆಗೆ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂತರು. ವಾಚು ತಗೊಂಡದ್ದು ಗಲ್ಲೆಗೆ ಬಂದ ವರ್ಷ, 1978ರಲ್ಲಿ. ಬಿಳಿ ಡಯಲ್ಲು ಈಗ ಹಾಲಿಗೆ ಅರಸಿನ ಬೆರೆಸಿದ ಬಣ್ಣಕ್ಕೆ ತಿರುಗಿದೆ. ಚರ್ಮದ ಬೆಲ್ಟು ಒಣಗಿ ಹಪ್ಪಳವಾಗಿದೆ, ಆದರೆ ತೂತು ಒಂದೂ ಹಿಗ್ಗಿಲ್ಲ, ಎಲ್ಲ ಹೊಸದರ ಹಾಗೆ ಗುಂಡಗಿವೆ. ಬೆಲ್ಟನ್ನು ಸ್ಟೇಷನ್ ಹೊರಗೆ ಬದಲಾಯಿಸಿಕೊಂಡೆ.

ಇಪ್ಪತ್ತು ವರ್ಷ ಟೈಟನ್ ಕಟ್ಟಿದ್ದೆ, ಬಲಗೈಗೆ. ಅದು ಸೆಲ್ ವಾಚು, ಬದಿಯ ಗುಂಡಿಯನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಹೆಚ್ಚು. ಜನತಾ ಹಾಗಲ್ಲ, ದಿನಾ ಕೀ ಕೊಡಬೇಕು. ಬಲಗೈಗೆ ಕಟ್ಟಿದರೆ ಕೀ ಮೊಣಕೈ ಕಡೆ ತಿರುಗಿರುತ್ತದೆ, ಎಡಗೈಯನ್ನು ಎಷ್ಟು ತಿರುಚಿದರೂ ಬೆರಳು ಸರಿಯಾಗಿ ಕೂರುವುದಿಲ್ಲ. ಸಾಲದ್ದಕ್ಕೆ ಆಫೀಸಿನ ಮೌಸು ಬಲಕ್ಕೆ, ಹಾಗಾಗಿ ಬೆಲ್ಟಿನ ಬಕಲ್ಲು ಇಡೀ ದಿನ ಮೇಜು ಉಜ್ಜುತ್ತದೆ. ಊಟಕ್ಕೆ ಕೂತರೆ ಸಾರು ಬೆರಳಿನಿಂದ ಇಳಿದು ಹೊಸ ಬೆಲ್ಟಿಗೆ ಬಂದು ನಿಲ್ಲುತ್ತದೆ. ಒಂದು ವಾರಕ್ಕೇ ಬೆಲ್ಟು ಇಂಗಿನ ವಾಸನೆ.

ಎಡಗೈಗೆ ಕಟ್ಟೋಣ ಎಂದರೆ ಬರೆಯುವಾಗ ಕೀ ಮುಂಗೈಗೆ ಚುಚ್ಚುತ್ತದೆ. ನಾನು ಎಡಚರು ಬರೆಯುವ ಹಾಗೆ ಕೈ ಕೊಕ್ಕೆ ಮಾಡಿ ಬರೆಯುವವ. ವೋಚರಿನ ಕಟ್ಟು ಮುಗಿಯುವಷ್ಟರಲ್ಲಿ ಅಲ್ಲಿ ಉದ್ದಿನ ಕಾಳಿನಷ್ಟು ಕೆಂಪು ಗುರುತು.

ಬಲಗೈಗೇ ತಲೆಕೆಳಗಾಗಿ ಕಟ್ಟಿಯೂ ನೋಡಿದೆ, ಕೀ ಬೆರಳಿನ ಕಡೆ ಬರಲಿ ಅಂತ. ಬೆಳಿಗ್ಗೆ ಎಂಟು ಹತ್ತಕ್ಕೆ ಪ್ಲಾಟ್‌ಫಾರ್ಮಿನಲ್ಲಿ ವಾಚು ನೋಡಿದರೆ ಎರಡು ನಲವತ್ತು! ಒಂದು ಕ್ಷಣ ಎದೆ ಧಸಕ್ಕೆಂದಿತು.

ಇನ್ನೊಂದು. ವಾಚು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ಪಕ್ಕದ ಮನೆಯ ಕಾಕಾ ‘ಡಾವಖುರಾ (ಎಡಚ) ಮನುಷ್ಯ ನೀನು, ಉಲ್ಟಾ ಕೈಗೆ ಕಟ್ಟಿದರೆ ಮಷೀನು ಕೆಡದೆ ಇರುತ್ತದೆಯೇ’ ಎನ್ನುತ್ತಾರೆ. ಹೌದಾ? ಕೈ ಬದಲಾದರೆ ವಾಚು ಹಾಳಾಗುತ್ತದಾ? ಡೊಂಬಿವಲಿಯಲ್ಲಿ ನಾಲ್ಕು ನಿಮಿಷ ಮುಂದಿದ್ದರೆ ನಷ್ಟವೇನಿಲ್ಲ, ಒಂದು ಟ್ರೈನು ಮೊದಲೇ ಸಿಗುತ್ತದೆ. ಆದರೂ ಅಪ್ಪನ ವಾಚು.


ಥಾಣೆ ಹುಡುಗ:

ಅಣ್ಣಾ, ಫೋನಲ್ಲಿ ಟೈಮ್ ಬರುತ್ತಲ್ಲ. ಅಪ್ಪನ ವಾಚು ಕಪಾಟಲ್ಲಿಡಿ.


ಡೊಂಬಿವಲಿ ಎಡಚ:

ನೀನು ಥಾಣೆಯಿಂದ ಹತ್ತುವವನು, ನಿನಗೂ ಗೊತ್ತಿರಬೇಕು. ಎಂಟೂಕಾಲರ ಫಾಸ್ಟ್ ಲೋಕಲ್‌ನಲ್ಲಿ ಜೇಬಿಗೆ ಕೈ ಹಾಕಿದರೆ ಅದು ನನ್ನ ಜೇಬೋ ಪಕ್ಕದವನ ಜೇಬೋ ಎಂದು ಮೊದಲು ತೀರ್ಮಾನವಾಗಬೇಕು. ಬಾಗಿಲಲ್ಲಿ ನಿಂತು ಫೋನ್ ತೆಗೆದರೆ ಹಳಿ ಪಕ್ಕದಿಂದ ಕೋಲಿನಲ್ಲಿ ಹೊಡೆದು ಬೀಳಿಸುವ ಫಟ್ಕಾ ಗ್ಯಾಂಗಿನವರಿದ್ದಾರೆ. ಮೇಲಿನ ಹಿಡಿಕೆ ಹಿಡಿದು ನಿಂತವನಿಗೆ ವಾಚು ಕಣ್ಣೆದುರೇ ಇರುತ್ತದೆ. ಕತ್ತು ಕೂಡ ತಿರುಗಿಸಬೇಕಾಗಿಲ್ಲ.


ಮಾಟುಂಗಾ ಮಾಮ:

ನಾಲ್ಕು ನಿಮಿಷಕ್ಕೆ ಇಷ್ಟು ಗಾಬರಿಯೇ? ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ. ಈ ಊರು ಅದನ್ನು ಒಪ್ಪದೆ ತನ್ನದೇ ಬಾಂಬೆ ಟೈಮ್ ಇಟ್ಟುಕೊಂಡು 1955ರವರೆಗೆ 39 ನಿಮಿಷ ಹಿಂದೆ ನಡೆಯಿತು. ನಮ್ಮ ತಂದೆಯವರು ಹೇಳುತ್ತಿದ್ದರು, ಮದುವೆ ಕಾಗದದಲ್ಲಿ ಮುಹೂರ್ತದ ಮುಂದೆ ಯಾವ ಟೈಮು ಅಂತ ಬರೆಯದಿದ್ದರೆ ಅರ್ಧ ಜನ ಊಟಕ್ಕೇ ಬಂದು ಮುಟ್ಟುತ್ತಿದ್ದರು ಅಂತ.

ಎಡಗೈ ವಿಷಯ. ಇದರಲ್ಲಿ ಶಾಸ್ತ್ರ ಏನೂ ಇಲ್ಲ, ಎಲ್ಲ ಕೀ ಮಹಿಮೆ. ಮೊದಲು ಗಂಡಸರ ವಾಚು ಜೇಬಿನಲ್ಲಿರುತ್ತಿತ್ತು, ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಲೆಕ್ಕ. ಗಾಂಧೀಜಿಯವರ ವಾಚು ಕೂಡ ಸೊಂಟದಲ್ಲಿ ನೇತಾಡುತ್ತಿದ್ದದ್ದೇ. ವಿಮಾನ ಹಾರಿಸುವಾಗ ಜೇಬಿಗೆ ಕೈ ಹಾಕಲು ಆಗುವುದಿಲ್ಲ ಎಂದು ಬ್ರೆಜಿಲಿನ ಸಾಂತೋಸ್ ದ್ಯೂಮೋಂ ತನ್ನ ಗೆಳೆಯ ಕಾರ್ತಿಯೇಗೆ ಹೇಳಿ 1904ರಲ್ಲಿ ಕೈವಾಚು ಮಾಡಿಸಿಕೊಂಡ. ಆಮೇಲೆ ಮೊದಲ ಮಹಾಯುದ್ಧ ಬಂತು. ಕಂದಕದಲ್ಲಿ ಬಂದೂಕು ಹಿಡಿದು ಕೂತವನಿಗೆ ಜೇಬುವಾಚು ತೆಗೆಯಲು ಪುರುಸೊತ್ತೆಲ್ಲಿ? ಸಿಪಾಯಿಗಳು ಕೈಗೆ ಕಟ್ಟಿಕೊಂಡು ಮನೆಗೆ ಬಂದ ಮೇಲೆ ಅದು ಹೆಂಗಸರ ಒಡವೆ ಎನ್ನುವ ಬಾಯಿಗಳು ಮುಚ್ಚಿದವು. ಹೆಚ್ಚಿನವರಿಗೆ ಬಲಗೈ ಚುರುಕು. ಎಡಗೈಗೆ ಕಟ್ಟಿ ಬಲಗೈಯಲ್ಲಿ ಕೀ ಕೊಡಲಿ ಅಂತ ಕೀಯನ್ನು ಮೂರರ ಅಂಕಿಯ ಬದಿಗೆ ಇಟ್ಟರು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಎಚ್‌ಎಂಟಿ ವಾಚು ಶುರುವಾಯಿತಲ್ಲ, ಅವರೂ ಅದೇ ಮಾಡಿದರು.

ಎಡಚರಿಗೆಂದೇ ಒಂಬತ್ತರ ಬದಿಗೆ ಕೀ ಇರುವ ವಾಚುಗಳಿವೆ. ರೋಲೆಕ್ಸ್ ಕೂಡ 2022ರಲ್ಲಿ ಜಿಎಂಟಿ ಮಾಸ್ಟರ್‌ನಲ್ಲಿ ಅಂಥದ್ದೊಂದು ತಂದಿತು. ಪುಟಿನ್‌ರನ್ನು ನೋಡಿ, ಬಲಗೈಗೇ ಕಟ್ಟುತ್ತಾರೆ. ಕೇಳುವವರು ಯಾರು?


ಡೊಂಬಿವಲಿ ಎಡಚ:

ಮಾಮಾ, ರೋಲೆಕ್ಸ್ ತಗೊಂಡರೆ ಡೊಂಬಿವಲಿಯ ಬಾಡಿಗೆ ಮನೆಯೂ ಬಿಡಬೇಕಾಗುತ್ತದೆ. ಪುಟಿನ್‌ಗೆ ಸಾರಿನ ತಾಪತ್ರಯ ಇಲ್ಲ.


ಬೊರಿವಲಿ ಅಕ್ಕ:

ನಾನು 31 ವರ್ಷ ನರ್ಸ್ ಆಗಿದ್ದೆ. ಟ್ರೈನಿಂಗ್‌ನಲ್ಲಿ ಮೊದಲ ವಾರ ಕಲಿಸಿದ್ದೇ ಇದು: ಬಲಗೈಯ ಮೂರು ಬೆರಳು ರೋಗಿಯ ನಾಡಿ ಮೇಲೆ, ಕಣ್ಣು ಎಡಗೈ ವಾಚಿನ ಸೆಕೆಂಡ್ ಮುಳ್ಳಿನ ಮೇಲೆ. ನಮ್ಮ ಬ್ಯಾಚಿನಲ್ಲಿ ಒಬ್ಬಳು ಎಡಚಿ ಇದ್ದಳು. ಅವಳು ಎಡಗೈಯಲ್ಲಿ ನಾಡಿ ಹಿಡಿದು ಬಲಗೈ ವಾಚು ನೋಡುತ್ತಿದ್ದಳು, ಲೆಕ್ಕ ಒಂದೂ ತಪ್ಪುತ್ತಿರಲಿಲ್ಲ. ಸಿಸ್ಟರ್ ಮಾತ್ರ ದಿನಾ ಬೈಯುತ್ತಿದ್ದರು, ಸಾಲಿನಲ್ಲಿ ನಿಂತಾಗ ಅವಳೊಬ್ಬಳೇ ಬೇರೆ ಕಾಣುತ್ತಾಳೆ ಅಂತ. ಆಮೇಲೆ ಐಸಿಯುಗೆ ಹೋದಾಗ ಮೊಣಕೈ ಕೆಳಗೆ ಬಳೆ, ಉಂಗುರ, ವಾಚು ಏನೂ ಇರಕೂಡದು ಎಂದಾಯಿತು. ಕೈ ತೊಳೆದರೂ ಅದರ ಕೆಳಗೆ ಸೋಂಕು ಉಳಿಯುತ್ತದೆ. ಎದೆಗೆ ಪಿನ್ ಮಾಡುವ ವಾಚು ಬಂತು. ಅದು ನಿಮ್ಮ ತಲೆಕೆಳಗಿನ ವಾಚಿನ ಥರಾನೇ ನೇತಾಡುತ್ತೆ, ಆದರೆ ಹಾಕಿಕೊಂಡವಳು ಬಗ್ಗಿ ನೋಡಿದರೆ ಸರಿಯಾಗಿ ಕಾಣುತ್ತೆ.

ಹೆಂಗಸರ ಪಾಡು ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಎಡಗೈ ಬಳೆ ತೆಗೆದಿಟ್ಟು ವಾಚು ಕಟ್ಟಿಕೊಂಡು ಡ್ಯೂಟಿಗೆ ಹೊರಟೆ. ಅತ್ತೆ ಬಾಗಿಲಲ್ಲೇ ‘ಬೋಳುಗೈಯಲ್ಲಿ ಹೊಸಿಲು ದಾಟ್ತೀಯಾ’ ಅಂದರು. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ವಾಚಿನ ಹಿಂದೆ ಒಂದು ಗಾಜಿನ ಬಳೆ ಏರಿಸಿದೆ. ಮಾತು ಶುರುವಾಯಿತು, ವಾಚಿನ ಗ್ಲಾಸು ಗೀರಿಹೋಯಿತು. ಗಾಜಿನ ಬಳೆಯೂ ವಿರಾರ್ ಲೋಕಲ್‌ನ ನೂಕುನುಗ್ಗಲಲ್ಲಿ ಒಡೆದು ಮಣಿಕಟ್ಟಿಗೆ ಚುಚ್ಚಿತು, ಅದು ಬೇರೆ ಕತೆ. ಇನ್ನೊಂದು ತಮಾಷೆ ಗಮನಿಸಿ. ಪೂಜೆಗೆ ಕೂತರೆ ಗಂಡಸರಿಗೆ ಕಂಕಣ ಬಲಗೈಗೆ, ನಮಗೆ ಎಡಗೈಗೆ. ಆ ಲೆಕ್ಕದಲ್ಲಿ ಗಂಡಸರ ವಾಚು ಎಡಕ್ಕಾದರೆ ನಮ್ಮದು ಬಲಕ್ಕೆ ಬರಬೇಕಿತ್ತು. ಯಾವ ಅತ್ತೆಯೂ ಹಾಗೆ ಹೇಳಿದ್ದು ಕೇಳಿಲ್ಲ.

ನಿಮ್ಮ ಚುಚ್ಚುವ ಕೀಗೆ ಮದ್ದು ಸುಲಭ. ನೀವು ವಾಚನ್ನು ಮಣಿಕಟ್ಟಿನ ಸಂದಿನ ಮೇಲೇ ಕಟ್ಟುತ್ತಿದ್ದೀರಿ, ಅಲ್ವಾ? ಕಿರುಬೆರಳ ಬದಿಗೆ ಮೂಳೆಯ ಗಂಟು ಇದೆಯಲ್ಲ, ಅದನ್ನು ದಾಟಿಸಿ ಒಂದು ಬೆರಳಗಲ ಮೇಲೆ ಕಟ್ಟಿ. ಬೆಲ್ಟು ಒಂದು ತೂತು ಬಿಗಿ ಮಾಡಿ, ಜಾರಿ ಕೆಳಗೆ ಬರದ ಹಾಗೆ. ಕೈ ಎಷ್ಟು ಕೊಕ್ಕೆ ಮಾಡಿದರೂ ತಾಗುವುದಿಲ್ಲ.


ಡೊಂಬಿವಲಿ ಎಡಚ:

ಅಕ್ಕಾ, ಈಗಲೇ ಕಟ್ಟಿ ಅರ್ಧ ಪುಟ ಬರೆದು ನೋಡಿದೆ. ತಾಗುತ್ತಿಲ್ಲ! ಇಷ್ಟು ಸಣ್ಣದಕ್ಕೆ ಇಷ್ಟುದ್ದ ಬರೆದೆನಲ್ಲ ಎಂದು ನಾಚಿಕೆಯಾಯಿತು. ಕೀ ಕೊಡುವುದು ಮತ್ತು ನಾಲ್ಕು ನಿಮಿಷದ ವಿಷಯ ಇನ್ನೂ ಬಾಕಿ.


ಜಿನಾ ಕೆಳಗಿನ ಮೇಜು:

ನಮಸ್ಕಾರ್ರಿ ಸರ್. ದಾದರ್ ಪಶ್ಚಿಮಕ್ಕ ಒಂದು ಹಳೇ ಬಿಲ್ಡಿಂಗಿನ ಜಿನಾ ಕೆಳಗ, ಅಂದ್ರ ಮೆಟ್ಟಿಲ ಕೆಳಗ, ನಮ್ಮಪ್ಪ ವಾಚ್ ರಿಪೇರಿ ಮೇಜು ಹಾಕಿದ್ದ. ಈಗ ಅಲ್ಲಿ ನಾ ಕುಂತೀನಿ. ಊರು ಅಥಣಿ ಕಡೆ. ದಿನಾ ಇಂಥಾ ಜನತಾ ಒಂದೆರಡರೆ ಕೈಗೆ ಬರ್ತಾವ, ಅದಕ್ಕ ಬರ್ಯಾಕತ್ತೀನಿ.

ಮೊದಲ ಚಾವಿ ಮಾತು. ಕೈಯಾಗ ಕಟ್ಟಿಕೊಂಡು ಚಾವಿ ಕೊಡಬ್ಯಾಡ್ರಿ. ಎಡಗೈ ಇರಲಿ, ಬಲಗೈ ಇರಲಿ, ಎರಡೂ ತಪ್ಪ. ಕಟ್ಟಿಕೊಂಡಾಗ ಬೆರಳು ನೆಟ್ಟಗ ಕೂಡೂದಿಲ್ಲ, ಚಾವಿ ಓರೆ ಎಳೀತದ. ಚಾವಿ ಹಿಂದ ಸ್ಟೆಮ್ ಅಂತ ಇರ್ತದ, ದಬ್ಬಣ ಅಲ್ಲರಿ ಅದು, ಸೂಜಿಗಿಂತ ಒಂದಿಷ್ಟು ದಪ್ಪ ಅಷ್ಟ. ದಿನಾ ಓರೆ ಎಳದ್ರ ಅದು ಡೊಂಕ ಆಗ್ತದ, ಅದು ಕುಂತ ತೂತು ಸವದು ಧೂಳು ಒಳಗ ಹೋಗ್ತದ. ನನ್ನ ಹತ್ರ ಬರೋ ಕೀ ವಾಚಿನಾಗ ಎಷ್ಟೋ ಇದ ಕಾರಣಕ್ಕ ಬರ್ತಾವ. ಮುಂಜಾನೆ ಚಹಾ ಕುಡಿಯೂ ಮುಂದ ವಾಚು ಬಿಚ್ಚಿ ಕೈಯಾಗ ಹಿಡ್ಕೊಂಡು ಚಾವಿ ಕೊಡ್ರಿ. ನೀವು ಎಡಚರು ಅಂದ್ರ ಡಯಲ್ ಕೆಳಗ ಮಾಡಿ, ಹನ್ನೆರಡು ಮ್ಯಾಲೇ ಇರಲಿ, ಬಲಗೈಯಾಗ ಹಿಡೀರಿ. ಚಾವಿ ತಾನ ಎಡಕ್ಕ ಬರ್ತದ. ಎಡಗೈ ಹೆಬ್ಬಟ್ಟು, ತೋರಬೆರಳಿಲೆ ತಿರುಗಿಸ್ರಿ. ಬಿಗಿ ಹತ್ತಿತು ಅನ್ನೂದರಾಗ ಬಿಟ್ಟುಬಿಡ್ರಿ, ಇನ್ನೊಂದು ಸುತ್ತು ಆಗ್ತದೇನು ನೋಡಬ್ಯಾಡ್ರಿ.

ಇನ್ನ ನಿಮ್ಮ ಕಾಕಾ ಹೇಳಿದ್ದು. ಪೂರ್ತಿ ಸುಳ್ಳಲ್ಲ. ಎಡಗೈಗೆ ಕಟ್ಟಿ ಕೈ ಇಳಿಬಿಟ್ರ ಚಾವಿ ನೆಲ ನೋಡ್ತದ. ಬಲಗೈಗೆ ಕಟ್ಟಿದ್ರ ಅದ ಚಾವಿ ಮುಗಲ ನೋಡ್ತದ. ಒಳಗ ಬ್ಯಾಲೆನ್ಸ್ ವೀಲ್ ಅಂತ ಒಂದು ಗಾಲಿ ಆ ಕಡೆ ಈ ಕಡೆ ಆಡ್ತಿರ್ತದ, ಜನತಾದಾಗ ಸೆಕೆಂಡಿಗೆ ಐದು ಟಿಕ್. ಆ ಗಾಲಿ ಒಂದು ಮಗ್ಗಲಾಗ ಕೂದಲಷ್ಟು ತೂಕ ಹೆಚ್ಚಿದ್ರೂ ಸಾಕು, ನಿಲ್ಲಿಸಿದ ಭಂಗಿ ಮ್ಯಾಲೆ ವಾಚು ಹಿಂದ ಮುಂದ ಆಗ್ತದ. ಆದ್ರ ಅದು ಸೆಕೆಂಡಿನ ಲೆಕ್ಕ. ನಾಲ್ಕು ನಿಮಿಷ ಅಂದ್ರ ಕೈ ಕಾರಣ ಅಲ್ಲರಿ.

ಒಂದು ಕೇಳ್ತೀನಿ. ರಾತ್ರಿ ವಾಚು ಎಲ್ಲಿ ಇಡ್ತೀರಿ?


ಡೊಂಬಿವಲಿ ಎಡಚ:

ಮಂಚದ ಪಕ್ಕ ಬ್ಲೂಟೂತ್ ಸ್ಪೀಕರ್ ಇದೆ. ಅದರ ತಲೆ ಮೇಲೆ. ಎದ್ದ ಕೂಡಲೇ ಕಾಣುವ ಹಾಗೆ.


ಜಿನಾ ಕೆಳಗಿನ ಮೇಜು:

ಸಿಕ್ತು ನೋಡ್ರಿ ಕಳ್ಳ!

ಸ್ಪೀಕರಿನಾಗ ಚುಂಬಕ ಇರ್ತದ. ವಾಚಿನೊಳಗ ಬಾಲ್ ಕಮಾನಿ ಅಂತ ಕೂದಲೆಳಿಯಂಥಾ ಸ್ಪ್ರಿಂಗು ಚಕ್ಕುಲಿ ಹಂಗ ಸುತ್ತಿರ್ತದ. ಅದಕ್ಕ ಚುಂಬಕ ಹತ್ತಿತು ಅಂದ್ರ ಸುತ್ತಿಗೆ ಸುತ್ತು ಅಂಟ್ಕೊಳ್ತಾವ. ಸ್ಪ್ರಿಂಗು ಗಿಡ್ಡ ಆದಂಗಾತು. ಗಿಡ್ಡ ಆತು ಅಂದ್ರ ಗಾಲಿ ಲಗೂ ಲಗೂ ಆಡ್ತದ, ವಾಚು ಮುಂದ ಓಡ್ತದ. ಹುಡುಗರ ಕಂಪಾಸ್ ಇದ್ರ, ದಿಕ್ಕು ತೋರಸೂದು, ಅದರ ಮ್ಯಾಲೆ ವಾಚು ಹಿಡೀರಿ. ಮುಳ್ಳು ನಡುಗಿ ಜಿಗದ್ರ ಖಾತ್ರಿ. ನಮ್ಮ ಕಡೆ ಚುಂಬಕ ತೆಗಿಯೋ ಡಬ್ಬಿ ಐತಿ, ಗುಂಡಿ ಒತ್ತಿ ವಾಚು ಮೆಲ್ಲಕ ದೂರ ಸರಸೂದು, ಅಷ್ಟ ಕೆಲಸ. ಅದಕ್ಕ ರೊಕ್ಕ ತಗೊಳ್ಳೂದಿಲ್ಲ. ಒಳಗ ಎಣ್ಣಿ ಒಣಗಿದ್ರ ಸರ್ವಿಸ್ ಮಾಡಬೇಕಾಗ್ತದ, ಅದು ಬಿಚ್ಚಿ ನೋಡಿದ ಮ್ಯಾಲೆ ಹೇಳ್ತೀನಿ.

ಕೈ ಮುಗದು ಒಂದು ಹೇಳ್ತೀನಿ. ಡಯಲ್ ಹಳದಿ ಆಗೇದ ಅಂತ ಬಣ್ಣ ಹೊಡಸಬ್ಯಾಡ್ರಿ. ಈ ಊರು ಅದಕ್ಕ ಹೆಸರು ಕೆಡಸ್ಕೊಂಡೈತಿ. ಹಳೇ ಮಷೀನಿಗೆ ನೀಲಿ, ಕೇಸರಿ ಬಣ್ಣದ ಡಯಲ್ ಹಚ್ಚಿ ಹೊಸಾದು ಅಂತ ಮಾರ್ತಾರ. ವಿದೇಶದ ವಾಚಿನ ಹುಚ್ಚರು ಅದಕ್ಕ ‘ಮುಂಬೈ ಸ್ಪೆಷಲ್’ ಅಂತ ಹೆಸರಿಟ್ಟು ನಗ್ತಾರ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಾಕ ಸರ್ಕಾರ 2016ರಾಗ ಒಪ್ಪಿಗಿ ಕೊಟ್ಟಿತು. ನಿಮ್ಮಪ್ಪಾರ ಡಯಲ್ ಹೋತಂದ್ರ ಹೋತು.


ಪುಣೆ ಸ್ಕೂಟರ್:

ತಡವಾಗಿ ಬಂದೆ. ನಾನು ಬಲಚ, ಆದರೂ ಬಲಗೈಗೆ ಸ್ಮಾರ್ಟ್‌ವಾಚು ಕಟ್ಟುತ್ತಿದ್ದೆ, ಸ್ಟೈಲಿಗೆ. ಸ್ವಾರಗೇಟಿನಿಂದ ಹಿಂಜವಡಿಗೆ ಸ್ಕೂಟರ್. ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ ಮಣಿಕಟ್ಟು ಮಡಚಿ ಗುಂಡಿ ಒತ್ತಿಹೋಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ನೋಡಿದರೆ ಏನೇನೋ ತೆರೆದಿರುತ್ತಿತ್ತು. ಆಮೇಲೆ ಗೊತ್ತಾಯಿತು, ಯಾವ ಕೈ ಅಂತ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಆಪಲ್ ವಾಚಿನಲ್ಲಿ ಗುಂಡಿ ಯಾವ ಬದಿಗೆ ಬೇಕು ಅಂತಲೂ ಆರಿಸಬಹುದು, ಪರದೆ ತಾನೇ ತಲೆಕೆಳಗಾಗುತ್ತದೆ. ನಿಮ್ಮ ಜನತಾಗೆ ಆ ಭಾಗ್ಯ ಇಲ್ಲ ಬಿಡಿ.


ಡೊಂಬಿವಲಿ ಎಡಚ:

ಮಗಳ ಕಂಪಾಸ್ ಬಾಕ್ಸಿನಲ್ಲಿ ಕೈವಾರ ಇತ್ತು, ದಿಕ್ಸೂಚಿ ಇರಲಿಲ್ಲ. ಎದುರು ಮನೆ ಹುಡುಗನ ಟ್ರೆಕ್ಕಿಂಗ್ ಬ್ಯಾಗಿನಿಂದ ತಂದು ಹಿಡಿದೆ. ಮುಳ್ಳು ಬೆಚ್ಚಿಬಿದ್ದ ಕೋಳಿಯ ಹಾಗೆ ಜಿಗಿಯಿತು. ಕಾಕಾನನ್ನೂ ಕರೆದು ತೋರಿಸಿದೆ. ‘ಅದೇ ನಾನು ಹೇಳಿದ್ದು’ ಅಂದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಕುತೂಹಲಕ್ಕೆ ಕೇಳಿದೆ, ನೀವು ಇದನ್ನು ಯಾವ ಕೈಗೆ ಕಟ್ಟುತ್ತಿದ್ದಿರಿ? ನಾನು ಸಣ್ಣವನಿದ್ದಾಗ ಅಪ್ಪ ರಜೆಗೆ ಊರಿಗೆ ಬಂದಾಗಲೂ ಆ ವಾಚು ಕೈಯಲ್ಲಿದ್ದ ನೆನಪು ನನಗೆ ಬರಲೇ ಇಲ್ಲ.

‘ಕೈಗ್ ಎಂತಕ್ಕೆ ಕಟ್ಟುದ್ ಮಾರಾಯಾ’ ಅಂದರು.

ಗಲ್ಲೆಯಲ್ಲಿ ಕೂತವನು ಗಿರಾಕಿಯ ಎದುರು ಕೈ ಎತ್ತಿ ವಾಚು ನೋಡಬಾರದಂತೆ. ನೋಡಿದರೆ ‘ತಿಂದಾಯಿತಲ್ಲ, ಇನ್ನು ಏಳಿ’ ಎಂದ ಹಾಗಾಗುತ್ತದಂತೆ. ಅದಕ್ಕೆ ಬೆಳಿಗ್ಗೆ ಬಂದ ಕೂಡಲೇ ವಾಚನ್ನು ಜೇಬಿನಿಂದ ತೆಗೆದು, ಚಿಲ್ಲರೆ ತಟ್ಟೆಯ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ ಇಡುತ್ತಿದ್ದರು. ಐದು ಪೈಸೆ, ಹತ್ತು ಪೈಸೆ ಎಣಿಸುವಾಗ ಕಣ್ಣು ಹೇಗೂ ಅಲ್ಲಿಗೇ ಹೋಗುತ್ತದೆ. ರಾತ್ರಿ ಶಟರ್ ಎಳೆದ ಮೇಲೆ ಅಂಗಿ ಜೇಬಿಗೆ. ಊರಿಗೆ ಹೊರಟಾಗ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನೊಳಗೆ. ಕೈಗೆ ಕಟ್ಟಿದ್ದು ಮದುವೆಯ ದಿನ ಒಮ್ಮೆ, ಅದೂ ಫೋಟೋದವನು ಹೇಳಿದ ಅಂತ. ಯಾವ ಕೈ ಎಂದು ಅವರಿಗೇ ನೆನಪಿಲ್ಲ. ಅಮ್ಮನ ಹತ್ತಿರ ಫೋಟೋ ತೆಗೆಸಿ ನೋಡಿದರು. ಶಾಲಿನಡಿ ಎರಡೂ ಕೈ ಮುಚ್ಚಿಹೋಗಿದೆಯಂತೆ.

ಬೆಲ್ಟಿನ ತೂತು ಹಿಗ್ಗದೆ ಇದ್ದದ್ದು ಯಾಕೆಂದು ಈಗ ತಿಳಿಯಿತು. ಹಳೇ ಬೆಲ್ಟು ಬಿಸಾಡಿದ್ದಕ್ಕೆ ಸಂಕಟವಾಗುತ್ತಿದೆ.

ನನಗೆ ಗಿರಾಕಿಗಳಿಲ್ಲ, ಹಾಗಾಗಿ ಎಡಗೈಗೇ ಕಟ್ಟುತ್ತೇನೆ, ಅಕ್ಕ ಹೇಳಿದ ಹಾಗೆ ಗಂಟು ದಾಟಿಸಿ. ಬೆಳಿಗ್ಗೆ ಡಯಲ್ ಕೆಳಗೆ ಮಾಡಿ ಎಡಗೈಯಲ್ಲಿ ಕೀ ಕೊಟ್ಟೆ. ಇಷ್ಟು ವರ್ಷದಲ್ಲಿ ಬಲಚರ ಸಾಮಾನೊಂದು ನನ್ನ ಕೈಗೆ ತಾನಾಗಿ ಹೊಂದಿಕೊಂಡದ್ದು ಇದೇ ಮೊದಲು. ಕತ್ತರಿ ಇವತ್ತಿಗೂ ಮಾತು ಕೇಳುವುದಿಲ್ಲ.

ಜಿನಾ ಕೆಳಗಿನವರೇ, ಭಾನುವಾರ ಇರುತ್ತೀರಾ?


ಜಿನಾ ಕೆಳಗಿನ ಮೇಜು:

ಮಧ್ಯಾಹ್ನ ಒಂದರ ತನಕ ಇರ್ತೀನ್ರಿ. ಆದ್ರ ಐತವಾರ ಸೆಂಟ್ರಲ್ ಲೈನಿಗೆ ಮೆಗಾಬ್ಲಾಕ್, ಅಂದ್ರ ಹಳಿ ರಿಪೇರಿಗೆ ಗಾಡಿ ನಿಲ್ಲಸೂದು, ಇದ್ದರ ಇರ್ತದ, ಹೊತ್ತು ನೋಡಿ ಹೊರಡ್ರಿ. ನಿಮ್ಮ ವಾಚು ನೋಡಿ ಅಲ್ಲ, ಫೋನ್ ನೋಡಿ. ಹಳೇ ಬೆಲ್ಟು ಯಾವ ಅಂಗಡಿಯಾಗ ಬಿಟ್ಟು ಬಂದ್ರೋ ಅಲ್ಲಿ ಇವತ್ತ ಹೋಗಿ ಕೇಳ್ರಿ. ಬಕಲ್ ತೆಗಿಯಾಕ ಹಳೇ ಬೆಲ್ಟು ಡಬ್ಬಿಯಾಗ ಹಾಕಿ ಇಟ್ಟಿರ್ತೀವಿ ನಾವು, ಲಗೂನ ಒಗಿಯೂದಿಲ್ಲ.